ಸಿಸಿಎನ್‌ಎ: ಸರ್ಟಿಫಿಕೇಟು ಕೈಯಲ್ಲಿ, ವಿದ್ಯೆ ಎಲ್ಲಿ?

ಪದವಿ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ನಮ್ಮ ಕರಾವಳಿಯ ಪೇಟೆಗಳಲ್ಲಿ 'ಹಾರ್ಡ್‌ವೇರ್ ಆಂಡ್ ನೆಟ್‌ವರ್ಕಿಂಗ್, ಉದ್ಯೋಗ ಖಚಿತ' ಎಂಬ ಫಲಕಗಳು ಏಳುತ್ತವೆ. ಭಾನುವಾರದ ಬಲಿಪೂಜೆ ಮುಗಿಸಿ ಹೊರಬಂದ ಹೆತ್ತವರು ಚರ್ಚಿನ ಅಂಗಳದಲ್ಲಿ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಫಾದರ್, ಮಗನನ್ನು ಸಿಸಿಎನ್‌ಎಗೆ ಸೇರಿಸಬಹುದಾ?" ಇತ್ತೀಚೆಗೆ ಒಬ್ಬ ತಾಯಿ ಎರಡು ಬಳೆ ಅಡವಿಡುವ ಮೊದಲು ಬಂದು ಕೇಳಿದರು. ಹದಿನೈದು ದಿನದಲ್ಲಿ ಪಾಸು, ಆಮೇಲೆ ದುಬೈ ಎಂದು ತರಬೇತಿ ಸಂಸ್ಥೆಯವರು ಹೇಳಿದ್ದರಂತೆ. "ಓದಲಿಕ್ಕೆ ಹೆಚ್ಚೇನೂ ಇಲ್ಲವಂತೆ ಫಾದರ್, ಪ್ರಶ್ನೆಗಳನ್ನು ಅವರೇ ಕೊಡುತ್ತಾರಂತೆ" ಎಂದು ಅವರು ಸಮಾಧಾನದಿಂದಲೇ ಹೇಳಿದರು. ನಮ್ಮನ್ನು ಕಂಗೆಡಿಸಿದ್ದು ಆ ಮಾತು.

ಮೊದಲು ವಿಷಯ ಏನೆಂದು ನೋಡೋಣ. ಸಿಸಿಎನ್‌ಎ ಅಮೆರಿಕದ ಸಿಸ್ಕೊ ಕಂಪೆನಿ 1998ರಲ್ಲಿ ಆರಂಭಿಸಿದ ಪರೀಕ್ಷೆ. ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್, ರೂಟರ್‌ಗಳನ್ನು ಅಣಿಗೊಳಿಸಲು, ಕೆಟ್ಟಾಗ ದೋಷ ಹುಡುಕಲು ಬರುತ್ತದೆ ಎಂಬುದಕ್ಕೆ ಅದು ಪ್ರಮಾಣ. ಇದಕ್ಕೆ ಕುಳಿತುಕೊಳ್ಳಲು ಪದವಿಯೇ ಬೇಕೆಂದಿಲ್ಲ. ಪಿಯುಸಿ ಮುಗಿಸಿದವರೂ ಬರೆಯಬಹುದು. ಇಂಜಿನಿಯರಿಂಗ್ ಸೀಟು ಸಿಗದ, ಅದಕ್ಕೆ ಹಣವೂ ಇಲ್ಲದ ಮನೆಯ ಮಕ್ಕಳಿಗೆ ತೆರೆದಿರುವ ಕೆಲವೇ ಬಾಗಿಲುಗಳಲ್ಲಿ ಇದೂ ಒಂದು. ಆದ್ದರಿಂದ ಸೇರಿಸಬೇಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಆಸ್ಪತ್ರೆ, ಕಾಲೇಜು, ಬ್ಯಾಂಕು, ಬಂದರು, ಎಲ್ಲಿ ಹೋದರೂ ನೆಟ್‌ವರ್ಕ್ ನಿಂತರೆ ಕೆಲಸ ನಿಲ್ಲುತ್ತದೆ. ಅದನ್ನು ನೋಡಿಕೊಳ್ಳುವವರು ಬೇಕು.

ಪರೀಕ್ಷೆಯ ಶುಲ್ಕ 300 ಡಾಲರ್. ತೆರಿಗೆ ಸೇರಿದರೆ ಸುಮಾರು 30 ಸಾವಿರ ರೂಪಾಯಿ. ಅವಧಿ 120 ನಿಮಿಷ. ಒಂದು ಪ್ರಶ್ನೆ ದಾಟಿದ ಮೇಲೆ ಹಿಂದೆ ಹೋಗಿ ಉತ್ತರ ತಿದ್ದುವಂತಿಲ್ಲ. ನಪಾಸಾದರೆ ಶುಲ್ಕವೂ ಹೋಯಿತು. ಪಾಸಾದರೂ ಅರ್ಹತೆ ಮೂರು ವರ್ಷ ಮಾತ್ರ, ಆಮೇಲೆ ನವೀಕರಿಸಬೇಕು. ಈ ಕೊನೆಯ ಸಂಗತಿಯನ್ನು ಯಾವ ಫಲಕದಲ್ಲೂ ನಾವು ಕಂಡಿಲ್ಲ.

ತಾಯಿಗೆ ಸಂಸ್ಥೆಯವರು ಹೇಳಿದ 'ಪ್ರಶ್ನೆಗಳು' ಎಂದರೆ ಡಂಪ್ಸ್. ಪರೀಕ್ಷೆ ಬರೆದವರಿಂದ ಪ್ರಶ್ನೆಗಳನ್ನು ಕದ್ದು ಸಂಗ್ರಹಿಸಿ, ಉತ್ತರದೊಡನೆ ಮಾರುವ ದಂಧೆ ಇದು. ಇದು ಏಳನೆಯ ಆಜ್ಞೆಗೆ ವಿರುದ್ಧವೋ ಎಂಟನೆಯದಕ್ಕೋ ಎಂಬ ಚರ್ಚೆಯಲ್ಲಿ ಸೆಮಿನರಿಯ ಒಂದು ತರಗತಿ ಕಳೆಯಬಹುದು. ನಮ್ಮ ಮಟ್ಟಿಗೆ ಎರಡಕ್ಕೂ ವಿರುದ್ಧ. ಸಿಕ್ಕಿಬಿದ್ದರೆ ಕಂಪೆನಿ ಸರ್ಟಿಫಿಕೇಟನ್ನೇ ರದ್ದು ಮಾಡಬಹುದು. ಆದರೆ ಹೆಚ್ಚಿನವರು ಸಿಕ್ಕಿಬೀಳುವುದು ಕಂಪೆನಿಯ ಕೈಗಲ್ಲ, ಸಂದರ್ಶನದ ಮೇಜಿನ ಮುಂದೆ.

ಒಂದು ಉದಾಹರಣೆ. 50 ಕಂಪ್ಯೂಟರ್‌ಗಳ ಶಾಲೆಗೆ ಎಷ್ಟು ದೊಡ್ಡ ನೆಟ್‌ವರ್ಕ್ ಬೇಕು? /26 ಎಂದು ಬಾಯಿಪಾಠ ಮಾಡಿದ ಹುಡುಗ ಹೇಳುತ್ತಾನೆ. 62 ಕಂಪ್ಯೂಟರ್‌ಗಳಿಗೆ ಜಾಗ ಸಿಗುತ್ತದೆ ಎಂದೂ ಹೇಳುತ್ತಾನೆ. ಸಂದರ್ಶಕರು "ಅದು ಹೇಗೆ 62?" ಎಂದು ಕೇಳಿದರೆ ಮಾತು ನಿಲ್ಲುತ್ತದೆ. ವಿಳಾಸಕ್ಕೆ 32 ಬಿಟ್‌ಗಳಿವೆ, 26 ನೆಟ್‌ವರ್ಕಿಗೆ ಹೋದರೆ ಉಳಿದದ್ದು ಆರು. ಎರಡನ್ನು ಆರು ಸಲ ಗುಣಿಸಿದರೆ 64. ಮೊದಲನೆಯದು ನೆಟ್‌ವರ್ಕಿನ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕರೆಯಲಿಕ್ಕೆ. ಇಷ್ಟು ತಿಳಿದವನು ಶಾಲೆ ಬೆಳೆದು 100 ಕಂಪ್ಯೂಟರ್ ಆದಾಗ /25 ಬೇಕೆಂದು ತಾನೇ ಲೆಕ್ಕ ಹಾಕಬಲ್ಲ. ಸಣ್ಣ ತರಗತಿಯ ಗಣಿತ, ಅಷ್ಟೇ. ಆದರೆ ಕಾಗದ ಪೆನ್ನು ಹಿಡಿದು ನಾಲ್ಕೈದು ವಾರ ದಿನವೂ ಮಾಡದೆ ಅದು ಕೈಗೆ ಹತ್ತುವುದಿಲ್ಲ.

ಪರೀಕ್ಷೆಯೂ ಬದಲಾಗಿದೆ. 2020ರ ಫೆಬ್ರವರಿಯಲ್ಲಿ ಹಳೆಯ ಹಲವು ಬಗೆಯ ಸಿಸಿಎನ್‌ಎಗಳನ್ನು ಕೈಬಿಟ್ಟು ಒಂದೇ ಪರೀಕ್ಷೆ ತಂದರು. ಯಂತ್ರಗಳೇ ಯಂತ್ರಗಳನ್ನು ನಡೆಸುವ ಆಟೊಮೇಶನ್‌ಗೆ ಅದರಲ್ಲಿ ಶೇ. 10 ಪಾಲು ಕೊಟ್ಟರು. 2024ರ ತಿದ್ದುಪಡಿಯಲ್ಲಿ ಕೃತಕ ಬುದ್ಧಿಮತ್ತೆಯೂ ಸೇರಿತು. ಒಂದು ಕಾಲದಲ್ಲಿ ನಮ್ಮ ಹುಡುಗರು ಹೆಮ್ಮೆಯಿಂದ ಹೇಳುತ್ತಿದ್ದ ಮೈಕ್ರೋಸಾಫ್ಟಿನ ಎಂಸಿಎಸ್‌ಇ 2021ರ ಜನವರಿಯಲ್ಲಿ ಕಣ್ಮುಚ್ಚಿತು. ಹೊಸಬರು ಮಾಡುತ್ತಿದ್ದ ಸುಲಭದ ಕೆಲಸಗಳನ್ನು ಸಾಫ್ಟ್‌ವೇರ್ ನುಂಗುತ್ತಿರುವಾಗ, ಕಾಗದ ಮಾತ್ರ ಇರುವವನು ಮೊದಲು ಹೊರಗೆ ಉಳಿಯುತ್ತಾನೆ. 14ನೇ ಲಿಯೊ ಜಗದ್ಗುರುಗಳು 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಎರಡೇ ದಿನಕ್ಕೆ ಕಾರ್ಡಿನಲರ ಮುಂದೆ, ತಾವು ಆ ಹೆಸರು ಆರಿಸಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಕಾರ್ಮಿಕರ ಕುರಿತ 13ನೇ ಲಿಯೊ ಅವರ 1891ರ ವಿಶ್ವಪತ್ರವೂ, ಕೃತಕ ಬುದ್ಧಿಮತ್ತೆ ಕೆಲಸಗಾರನ ಘನತೆಗೆ ಒಡ್ಡುವ ಸವಾಲೂ ಇದ್ದವು. ಅದು ರೋಮಿನ ಮಾತೆಂದು ಬಿಡುವಂತಿಲ್ಲ. ನಮ್ಮ ವಾರ್ಡುಗಳ ಮನೆಗಳಲ್ಲೇ ಅದರ ಬಿಸಿ ತಟ್ಟುತ್ತಿದೆ.

'ಆಮೇಲೆ ದುಬೈ' ಎಂಬ ಮಾತಿಗೂ ಎಚ್ಚರಿಕೆ ಬೇಕು. ಐ.ಟಿ. ಬಲ್ಲ ಯುವಕರನ್ನು ಥಾಯ್ಲೆಂಡಿನ ಕೆಲಸವೆಂದು ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುವ ಜಾಲದ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. ಏಜೆಂಟರ ಹೆಸರು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ಎಂದು ನೋಡಲು ಮೊಬೈಲಿನಲ್ಲಿ ಐದು ನಿಮಿಷ ಸಾಕು. ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸೋಣ ಎನ್ನುವವರ ಮಾತಿಗೆ ಮಕ್ಕಳನ್ನು ಕಳುಹಿಸಬೇಡಿ.

ಹಾಗಾದರೆ ತಯಾರಿ ಹೇಗೆ? ದಿನಕ್ಕೆ ಎರಡು ಗಂಟೆಯಂತೆ ಐದಾರು ತಿಂಗಳು ಹಿಡಿಯುತ್ತದೆ ಎಂಬುದು ಕಲಿತು ಕೆಲಸದಲ್ಲಿರುವ ನಮ್ಮ ಯುವಕರ ಅನುಭವ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪ್ಯಾಕೆಟ್ ಟ್ರೇಸರ್ ಎಂಬ ಸಾಫ್ಟ್‌ವೇರ್ ಉಚಿತ. ರೂಟರ್ ಕೊಳ್ಳದೆ ಕಂಪ್ಯೂಟರ್ ಪರದೆಯಲ್ಲೇ ನೆಟ್‌ವರ್ಕ್ ಕಟ್ಟಿ, ಕೆಡಿಸಿ, ಮತ್ತೆ ಸರಿಮಾಡಿ ಕಲಿಯಬಹುದು. ಕೆಡಿಸಿ ಕಲಿಯುವುದೇ ಇದರಲ್ಲಿ ಮುಖ್ಯ. ತರಬೇತಿಗೆ ಸೇರಿಸುವುದಾದರೆ ಹೆತ್ತವರು ಸಂಸ್ಥೆಯಲ್ಲಿ ಎರಡು ಮಾತು ಕೇಳಲಿ: ನಿಜವಾದ ಸ್ವಿಚ್, ರೂಟರ್‌ಗಳ ಮೇಲೆ ಮಕ್ಕಳು ಕೈಯಿಟ್ಟು ಕೆಲಸ ಮಾಡುತ್ತಾರೆಯೇ? ನೀವು ಹೇಳಿದ ಹಣದಲ್ಲಿ ಪರೀಕ್ಷಾ ಶುಲ್ಕ ಸೇರಿದೆಯೇ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರ ಮಾತೇನು? ನಮ್ಮ ಎಷ್ಟೋ ಚರ್ಚ್ ಶಾಲೆಗಳ ಕಂಪ್ಯೂಟರ್ ಕೊಠಡಿಗೆ ಸಂಜೆ ನಾಲ್ಕಕ್ಕೇ ಬೀಗ. ಏಳರಿಂದ ಒಂಬತ್ತರವರೆಗೆ ಅದನ್ನು ತೆರೆದಿಡಲು ಪಾಲನಾ ಮಂಡಳಿಯ ಒಂದು ನಿರ್ಣಯ ಸಾಕು. ಬೀಗದ ಕೈ ಐಸಿವೈಎಂ ಪದಾಧಿಕಾರಿಗಳ ಹತ್ತಿರ ಇರಲಿ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಫೀಸಿಗೆ ಸಹಾಯ ಮಾಡುವುದಾದರೆ ತರಬೇತಿ ಸಂಸ್ಥೆಗೆ ಕೊಡುವ ಬದಲು ಪರೀಕ್ಷಾ ಶುಲ್ಕಕ್ಕೇ ಕೊಡಲಿ, ಅದೂ ಓದು ಮುಗಿದ ಮೇಲೆ.

ನೋಂದಣಿ ಮಾಡುವಾಗ ಗುರುತಿನ ಚೀಟಿಯಲ್ಲಿದ್ದ ಹೆಸರನ್ನೇ ಅಕ್ಷರಶಃ ಬರೆಯಬೇಕು, ಇಲ್ಲವಾದರೆ ಪರೀಕ್ಷಾ ಕೇಂದ್ರದ ಬಾಗಿಲಿನಿಂದಲೇ ಹಿಂದಿರುಗಬೇಕಾದೀತು. ನಮ್ಮಲ್ಲಿ ಡಿಸೋಜ ಎಂಬ ಒಂದು ಮನೆತನದ ಹೆಸರು ದೀಕ್ಷಾಸ್ನಾನದ ಪತ್ರದಲ್ಲಿ ಒಂದು ಬಗೆ, ಅಂಕಪಟ್ಟಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ತಿದ್ದುಪಡಿಗೆ ಚರ್ಚಿನ ಕಚೇರಿಯಿಂದ ಪತ್ರ ಬೇಕಾದವರು ಪರೀಕ್ಷೆಯ ಮುನ್ನಾದಿನ ಓಡಿ ಬರುವ ಬದಲು ಎರಡು ತಿಂಗಳು ಮೊದಲೇ ಬನ್ನಿ.