ಕೊಬ್ಬರಿ ಮಂಡಿಗೆ ಎಂಥ ಆ್ಯಪ್?
ಮಾಲೇಕಲ್ಲು ತಿರುಪತಿಯ ಬೆಟ್ಟ ನಿಂತಿರುವ ಅರಸೀಕೆರೆ ಸೀಮೆ ತೆಂಗು, ಕೊಬ್ಬರಿಯದು. ಇಲ್ಲಿನ ವರ್ತಕರು ಮಂಡಿಗೊಂದು ಆ್ಯಪ್ ಮಾಡಿಸಲು ಹೊರಟರೆ ಮೊದಲು ಬೆಂಗಳೂರಿನ ಎರಡು ಕಂಪನಿಗಳ ಕತೆ ಕೇಳಬೇಕು. 2015ರ ಮೇ ತಿಂಗಳಲ್ಲಿ ಮಿಂತ್ರಾ ತನ್ನ ವೆಬ್‌ಸೈಟನ್ನೇ ಮುಚ್ಚಿತು; ಬಟ್ಟೆ ಬೇಕಾದವರು ಆ್ಯಪ್‌ಗೇ ಬರಬೇಕಿತ್ತು. 2016ರ ಜೂನ್ ಹೊತ್ತಿಗೆ ಮುಚ್ಚಿದ ಬಾಗಿಲನ್ನು ಮತ್ತೆ ತೆರೆಯಬೇಕಾಯಿತು. ಮಿಂತ್ರಾದ ಒಡೆತನ ಹೊಂದಿದ್ದ ಫ್ಲಿಪ್‌ಕಾರ್ಟ್ ಬೇಗ ಎಚ್ಚೆತ್ತು, 2015ರ ನವೆಂಬರ್‌ನಲ್ಲೇ ‘ಫ್ಲಿಪ್‌ಕಾರ್ಟ್ ಲೈಟ್’ ತಂದಿತು: ಬ್ರೌಸರ್‌ನಲ್ಲಿ ತೆರೆದು ಆ್ಯಪ್‌ನಂತೆಯೇ ನಡೆದುಕೊಳ್ಳುವ ಪ್ರೋಗ್ರೆಸಿವ್ ವೆಬ್ ಆ್ಯಪ್. ಡೌನ್‌ಲೋಡ್ ಬೇಡ, ಫೋನಿನಲ್ಲಿ ಹೆಚ್ಚು ಜಾಗವೂ ಬೇಡ, ನೆಟ್‌ವರ್ಕ್ ಕೈಕೊಟ್ಟರೂ ಒಮ್ಮೆ ನೋಡಿದ ಪುಟ ಸಿಗುತ್ತದೆ. ಫೋನಿನ ಪರದೆಗೆ ಅದರ ಗುರುತು ಸೇರಿಸಿಕೊಂಡು ಬಂದವರಲ್ಲಿ ಖರೀದಿಯ ಪ್ರಮಾಣ ಶೇ 70ರಷ್ಟು ಹೆಚ್ಚಿತ್ತು ಎಂದು ಗೂಗಲ್ ಪ್ರಕಟಿಸಿತ್ತು. ದರ ತೋರಿಸಿ ಆರ್ಡರ್ ಹಿಡಿಯುವ ಕೊಬ್ಬರಿ ಮಂಡಿಗೆ ಇಷ್ಟು ಧಾರಾಳ ಸಾಕು. ಲಾರಿ ಎಲ್ಲಿದೆ ಎಂದು ಸದಾ ಜಿಪಿಎಸ್‌ನಲ್ಲಿ ಹಿಂಬಾಲಿಸಬೇಕಾದಾಗ ಮಾತ್ರ ನಿಜವಾದ ಆ್ಯಪ್ ಬೇಕು. ಆಗಲೂ ಫ್ಲಟರ್ ಎಂಬ ಆ್ಯಪ್ ಕಟ್ಟುವ ಸಲಕರಣೆಯಲ್ಲಿ ಬರೆಸಿದರೆ ಆಂಡ್ರಾಯ್ಡ್‌ಗೂ ಐಫೋನಿಗೂ ಬಹುಮಟ್ಟಿಗೆ ಒಂದೇ ಕೋಡ್ ಆಗುತ್ತದೆ. ಯಾವ ದಾರಿ ಹಿಡಿದರೂ, ರೈತರು ದರ ನೋಡುವ ಪರದೆ ಮೊದಲ ದಿನದಿಂದಲೇ ಕನ್ನಡದಲ್ಲಿರಲಿ.