ಐದು ಸ್ವರಗಳ ಸ್ವಾತಂತ್ರ್ಯ

ನಮ್ಮ ಕುಟುಂಬಗಳಲ್ಲಿ ಗಿಟಾರ್ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಗ್ರೇಡ್ ಪರೀಕ್ಷೆಗಳ ಪ್ರಮಾಣಪತ್ರಗಳು ಅನೇಕ ಮನೆಗಳ ಗೋಡೆಗಳನ್ನು ಅಲಂಕರಿಸಿವೆ. ಆದರೆ ಎದುರಿನ ಹಾಳೆಯನ್ನು ಸರಿಸಿ, "ನಿನಗೆ ತೋಚಿದ್ದನ್ನು ನುಡಿಸು ಮಗೂ" ಎಂದೊಡನೆ ಇವರಲ್ಲಿ ಹಲವರ ಕೈ ಸ್ತಬ್ಧವಾಗುತ್ತದೆ. ಇದಕ್ಕೆ ಕಾರಣ ಪ್ರತಿಭೆಯ ಅಭಾವವಲ್ಲ, ತಪ್ಪಿನ ಭಯ. ಪರೀಕ್ಷೆಗಳು ಮುಗಿದ ಬಳಿಕ ಎಷ್ಟೋ ಗಿಟಾರುಗಳು ಕಪಾಟಿನ ಮೇಲೆ ಧೂಳು ಹಿಡಿಯುವುದಕ್ಕೂ ಇದೇ ಕಾರಣವೆಂದು ನಾವು ಭಾವಿಸುತ್ತೇವೆ.

ನುಡಿಸುವ ಕ್ಷಣದಲ್ಲೇ ಸಂಗೀತವನ್ನು ಹೆಣೆಯುವ ಕಲೆಯನ್ನು ನಮ್ಮ ಶಾಸ್ತ್ರೀಯ ಸಂಗೀತಗಾರರು ಮನೋಧರ್ಮವೆನ್ನುತ್ತಾರೆ. ಇದು ಪಳಗಿದವರ ವಿದ್ಯೆ, ವಿದ್ಯಾರ್ಥಿಯು ಮೊದಲು ಪಾಠಗಳನ್ನೆಲ್ಲ ಕಲಿತು ಮುಗಿಸಲಿ ಎಂಬ ವಾದವುಂಟು. ಇದನ್ನು ನಾವು ಒಪ್ಪಲಾರೆವು. ತಂತಿವಾದ್ಯವನ್ನು ನುಡಿಸುವುದರಿಂದಲೇ ವಾದಕನು ರೂಪುಗೊಳ್ಳುತ್ತಾನೆಂಬ ವಿಚಾರವನ್ನು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಮಂಡಿಸಿದ್ದಾನೆ. ಅಂತೆಯೇ ಸೃಷ್ಟಿಸುವ ಶಕ್ತಿಯೂ ಸೃಷ್ಟಿಸುತ್ತಲೇ ಬೆಳೆಯತಕ್ಕದ್ದು.

ಹಾಗೆಂದು ಇದು ಲಂಗುಲಗಾಮಿಲ್ಲದ ಸ್ವಾತಂತ್ರ್ಯವಲ್ಲ. ಆರಂಭಕ್ಕೆ ಎ, ಸಿ, ಡಿ, ಇ, ಜಿ ಎಂಬ ಐದು ಸ್ವರಗಳು ಸಾಕು. ಗಿಟಾರಿನ 5ನೆಯ ಫ್ರೆಟ್‌ನಿಂದ 8ನೆಯ ಫ್ರೆಟ್‌ನವರೆಗೆ, ಪ್ರತಿ ತಂತಿಗೆ ಎರಡರಂತೆ ಇವು ಕೈಗೆ ಸಿಗುತ್ತವೆ. ಪಾಶ್ಚಾತ್ಯರು ಇದನ್ನು ಮೈನರ್ ಪೆಂಟಟಾನಿಕ್ ಎನ್ನುತ್ತಾರೆ. 'ಎ'ಯನ್ನು ಷಡ್ಜವೆಂದು ಎಣಿಸಿದರೆ ನಮ್ಮ ಶುದ್ಧ ಧನ್ಯಾಸಿ ರಾಗದ ಸ್ವರಗಳೂ ಇವೇ. ಜೊತೆಗಾರನೊಬ್ಬನು ಎ ಮೈನರ್ ಕಾರ್ಡನ್ನು ನಿಧಾನವಾಗಿ ನುಡಿಸುತ್ತಿರಲಿ. ಕಲಿಯುವವನು ಎರಡು ಮೂರು ಸ್ವರಗಳಲ್ಲಿ ಒಂದು ಪ್ರಶ್ನೆ ಕೇಳಿದಂತೆ ನುಡಿಸಿ, ಕ್ಷಣಕಾಲ ಸುಮ್ಮನಿದ್ದು, ಉತ್ತರವನ್ನು 'ಎ' ಸ್ವರದಲ್ಲಿ ಮುಗಿಸಲಿ. ನುಡಿಸುವ ಮುನ್ನ ಅದನ್ನು ಬಾಯಲ್ಲಿ ಗುನುಗಿಕೊಳ್ಳಲಿ. ಇಲ್ಲವಾದರೆ ಬೆರಳು ಮುಂದೆ ಓಡಿ ಕಿವಿ ಹಿಂದೆ ಉಳಿಯುತ್ತದೆ. ಹೊರಗಿನ ಸ್ವರವೊಂದು ನುಸುಳಿದರೆ ಹೆದರಬೇಕಿಲ್ಲ. ಹಿಂದಿನ ಅಥವಾ ಮುಂದಿನ ಫ್ರೆಟ್ಟಿಗೆ ಸರಿದರೆ ಐದರಲ್ಲೊಂದು ಸ್ವರ ದೊರೆಯುತ್ತದೆ.

ಮಿತಿಯು ಸೃಷ್ಟಿಗೆ ಶತ್ರುವಲ್ಲ. ಜಾಸ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರ ಎಡಗೈಯ ಎರಡು ಬೆರಳುಗಳು 1928ರ ಬೆಂಕಿ ಅನಾಹುತದಲ್ಲಿ ಊನಗೊಂಡವು. ಮುಖ್ಯವಾಗಿ ಉಳಿದೆರಡು ಬೆರಳುಗಳಿಂದಲೇ ಅವರು ತಮ್ಮ ಮನೋಧರ್ಮವನ್ನು ಬೆಳಗಿಸಿದರು. ಅಮೆರಿಕದ ವೆಸ್ ಮಾಂಟ್‌ಗೊಮರಿ ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಚಾರ್ಲಿ ಕ್ರಿಶ್ಚಿಯನ್ ಅವರ ಧ್ವನಿಮುದ್ರಿಕೆಗಳನ್ನು ಆಲಿಸಿಯೇ ಅವರು ಕಲಿತರು.

ಸ್ವರಲಿಪಿಯಾಗಲಿ ಪರೀಕ್ಷೆಯಾಗಲಿ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಪರರ ಕೃತಿಗಳನ್ನು ಶ್ರದ್ಧೆಯಿಂದ ನುಡಿಸುವುದು ಉತ್ತಮ ಶಿಸ್ತು. ಆದರೆ ಓದಲು ಕಲಿತ ಮಗು ಮಾತನಾಡಲು ಕಲಿಯದಿದ್ದರೆ ನಾವು ಸುಮ್ಮನಿರುತ್ತೇವೆಯೇ? ಆದ್ದರಿಂದ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಪಾಠ ಮುಗಿದ ಮೇಲೆ ದಿನಕ್ಕೆ ಹತ್ತು ನಿಮಿಷ ಮಗು ತನ್ನದೇ ಸಂಗೀತವನ್ನು ನುಡಿಸಲಿ. ಪಕ್ಕದಲ್ಲಿ ಕುಳಿತು ಆಲಿಸಿರಿ. ಆ ಹತ್ತು ನಿಮಿಷ ತಿದ್ದಬೇಡಿರಿ.