ಪರೀಕ್ಷೆಯ ಅಂಜಿಕೆ

ಚಾಮರಾಜನಗರ, ಗುಂಡ್ಲುಪೇಟೆಗಳ ಹೊಲಗಳಲ್ಲಿ ಅರಿಶಿನ ಸುಮಾರು ಒಂಬತ್ತು ತಿಂಗಳ ಬೆಳೆ. ಮುಂಗಾರಿನ ಹೊತ್ತಿಗೆ ನೆಟ್ಟ ಅರಿಶಿನವನ್ನು ಬೇಸಗೆ ಕಾಲಿಡುವಾಗ ಅಗೆದು, ಬೇಯಿಸಿ, ಒಣಗಿಸುತ್ತಾರೆ. ಶಾಲೆಯ ವರ್ಷವೂ ಹೆಚ್ಚುಕಡಿಮೆ ಇದೇ ಅಳತೆಯದು. ಆದುದರಿಂದ ಈ ಸೀಮೆಯ ಅನೇಕ ಮಕ್ಕಳಿಗೆ ಹೊಲದ ಕೆಲಸವೂ ಪರೀಕ್ಷೆಯ ಓದೂ ಒಂದೇ ಕಾಲಕ್ಕೆ ಎದುರಾಗುತ್ತವೆ. ಪರೀಕ್ಷೆಯ ಅಂಜಿಕೆಯನ್ನು ಕುರಿತು ಉಪದೇಶ ಮಾಡುವವರು ಮೊದಲು ಇದನ್ನು ನೆನೆಯಬೇಕು. ತಾಯಿಯೊಡನೆ ಅರಿಶಿನ ಆಯ್ದು ಬಂದು ಸಂಜೆ ಪುಸ್ತಕ ಹಿಡಿಯುವ ಹುಡುಗಿಗೆ ‘ಹೆದರಬೇಡ’ ಎಂಬ ಒಂದು ಮಾತು ಸಾಲದು.

ಈ ಅಂಜಿಕೆಯಾದರೂ ಏನು? ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನ ಅಂಗೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಬಂಡೀಪುರದ ಕಾಡಂಚಿನ ಹೊಲದಲ್ಲಿ ರಾತ್ರಿ ಕಾವಲಿರುವ ರೈತನಿಗೆ ಆನೆಯ ಸದ್ದು ಕೇಳಿದಾಗ ಆಗುವುದೂ ಇದೇ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ ದೇಹವನ್ನು ಓಟಕ್ಕೆ ಅಣಿಮಾಡುತ್ತದೆ. ಆನೆ ಯಾವುದು, ಪ್ರಶ್ನೆಪತ್ರಿಕೆ ಯಾವುದು ಎಂಬ ಭೇದ ದೇಹಕ್ಕೆ ತಿಳಿಯದು, ಪಾಪ! ಆದ್ದರಿಂದ ಅಂಜಿದವನು ಹೇಡಿಯಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ, ಕಠಿನವಾದುದನ್ನು ಕಲಿಯುವಾಗ ಮಿತವಾದ ಪ್ರಚೋದನೆ ನೆರವಾಗುತ್ತದೆ, ಅತಿಯಾದುದು ಕೆಡಿಸುತ್ತದೆ ಎಂದು ಕಂಡರು. ಇಲಿಗೆ ಹೊಂದಿದ್ದೆಲ್ಲ ಮನುಷ್ಯನಿಗೂ ಹೊಂದುತ್ತದೆ ಎಂದು ನಾನು ವಾದಿಸುವುದಿಲ್ಲ. ಆದರೆ ಕೊಂಚವೂ ಅಳುಕಿಲ್ಲದವನು ಪುಸ್ತಕವನ್ನೇ ತೆರೆಯುವುದಿಲ್ಲವೆಂಬುದು ನಮ್ಮೆಲ್ಲರ ಅನುಭವ.

ಅಂಜಿಕೆ ಮಿತಿಮೀರಲು ನಾವು ಓದುವ ರೀತಿಯೂ ಒಂದು ಕಾರಣ. ನಾನು ಬಾಲಕನಾಗಿದ್ದಾಗ ಉತ್ತರಗಳನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದೆ. ಪರೀಕ್ಷೆಯ ಕೊಠಡಿಯಲ್ಲಿ ಮೊದಲ ಸಾಲು ಮರೆತುಹೋಯಿತು. ಅದರ ಹಿಂದೆಯೇ ಉಳಿದ ಸಾಲುಗಳೂ ಹೋದವು. ಬಲ್ಲ ಪ್ರಶ್ನೆಗಳನ್ನಾದರೂ ಬರೆಯೋಣವೆಂದರೆ, ಆ ಒಂದನ್ನೇ ಹಿಡಿದು ಅರ್ಧ ಗಂಟೆ ಕಳೆದಿದ್ದೆ. ಮತ್ತೆ ಮತ್ತೆ ಓದಿದ ಪಾಠ ಪರಿಚಿತವಾಗಿ ಕಾಣುತ್ತದೆ; ಪರಿಚಿತವಾದುದೆಲ್ಲ ತಿಳಿದಿದೆ ಎಂದು ಮನಸ್ಸು ಮೋಸಹೋಗುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ತಂಡ ಪಾಠವನ್ನು ಪುನಃ ಓದಿತು, ಇನ್ನೊಂದು ಪುಸ್ತಕ ನೋಡದೆ ನೆನೆದು ಬರೆಯಿತು. ಐದು ನಿಮಿಷದ ಬಳಿಕ ನೋಡಿದಾಗ ಓದಿದವರದೇ ಮೇಲುಗೈ. ಒಂದು ವಾರದ ಬಳಿಕ ನೋಡಿದಾಗ ನೆನೆದು ಬರೆದವರು ಮುಂದಿದ್ದರು. ನಿಮ್ಮ ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲವಷ್ಟೆ! ನಿದ್ದೆಗೆಟ್ಟು ಓದುವುದೂ ನಷ್ಟದ ವ್ಯಾಪಾರ. ಕಲಿತದ್ದು ನೆಲೆಯೂರುವುದು ನಿದ್ದೆಯಲ್ಲಿ.

ಇನ್ನು ಹಿರಿಯರ ಮಾತು. ರಾಮಾನುಜನ್ನರೂ ಕಾಲೇಜು ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿದ್ದರೆಂದು ಹೇಳಿ ಮಕ್ಕಳನ್ನು ಸಂತೈಸುವುದು ನನಗೆ ಹಿಡಿಸದು. ಮಾತು ನಿಜ, ಆದರೆ ಎಲ್ಲರೂ ರಾಮಾನುಜನ್ ಆಗುವುದಿಲ್ಲ. ಹತ್ತನೆಯ ತರಗತಿಯಲ್ಲಿ ನಪಾಸಾದರೆ ಓದು ಬಿಡಿಸಿ ಮದುವೆ ಮಾಡುತ್ತೇವೆ ಎಂಬ ಬೆದರಿಕೆಯನ್ನು ಕೇಳುತ್ತಿರುವ ಹುಡುಗಿಗೆ ಆ ಕಥೆಯಿಂದ ಏನು ಪ್ರಯೋಜನ? ಅವಳ ಅಂಜಿಕೆ ಕೇವಲ ಕಲ್ಪನೆಯಲ್ಲ. ಅದನ್ನು ತೆಗೆಯಬೇಕಾದವರು ಆ ಬೆದರಿಕೆ ಹಾಕಿದವರೇ. ಪರೀಕ್ಷೆಯೆಂಬುದು ಕಲ್ಲಿನಲ್ಲಿ ಕೊರೆದ ಶಾಸನವಲ್ಲ. ಕೊರೋನಾ ಕಾಲದಲ್ಲಿ, 2021ರ ಜುಲೈ ತಿಂಗಳಲ್ಲಿ, ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆ ಎರಡೇ ದಿನಗಳಲ್ಲಿ ಮುಗಿಯಿತು. 2024ರಲ್ಲಿ ಒಂದೇ ವರ್ಷ ಮೂರು ಬಾರಿ ಬರೆಯುವ ಅವಕಾಶ ದೊರೆಯಿತು. ಒಂದು ಮಾರ್ಚ್ ಕೈತಪ್ಪಿದರೆ ಮತ್ತೊಂದು ಬಾಗಿಲು ಇರುವಾಗ, ಮಗಳ ಬಾಗಿಲನ್ನು ಮನೆಯವರೇ ಏಕೆ ಮುಚ್ಚಬೇಕು? ಊಟ ಸೇರದೆ, ನಿದ್ದೆ ಬಾರದೆ, ಬದುಕೇ ಬೇಡವೆನ್ನಿಸಿದರೆ ಅದನ್ನು ಬಚ್ಚಿಡದೆ ನಂಬಿದ ಹಿರಿಯರೊಬ್ಬರಿಗೆ ತಿಳಿಸಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಪರೀಕ್ಷೆಯ ದಿನಗಳಲ್ಲಿ ಮಕ್ಕಳನ್ನು ಹೊಲಕ್ಕೆ ಕರೆಯಬೇಡಿರೆಂದು ತಂದೆತಾಯಿಗಳಲ್ಲಿ ಕೇಳಿಕೊಳ್ಳುತ್ತೇನೆ. ಒಂದು ಕೈ ಕಡಿಮೆಯಾದರೆ ಒಂದಾಳಿನ ಕೂಲಿ ಹೆಚ್ಚುತ್ತದೆ. ತುಂಡು ಭೂಮಿಯವರಿಗೆ ಅದು ಭಾರವೇ ಎಂದು ಬಲ್ಲೆ, ಕೆಲವರು ಹೋಗಲೇಬೇಕಾಗುವುದು. ಅಂಥವರು ಅರಿಶಿನ ಆಯುತ್ತಲೇ ಹಿಂದಿನ ದಿನದ ಪಾಠವನ್ನು ಮನಸ್ಸಿನಲ್ಲಿ ಒಪ್ಪಿಸಿಕೊಳ್ಳಬಹುದು, ಪಕ್ಕದಲ್ಲಿರುವ ತಾಯಿಗೆ ಹೇಳಿ ತೋರಿಸಬಹುದು. ನೆನಪಿಗೆ ಬಾರದ ಒಂದೆರಡನ್ನು ಸಂಜೆ ಪುಸ್ತಕ ತೆರೆದು ನೋಡಿಕೊಂಡರಾಯಿತು.